ಪಂಪ್ ಬಂದೂಕು, ಮಾಸ್ತರರ ಛತ್ರಿ

ಕಾಕಾ ಟೆಕ್ಸಾಸ್‌ನಿಂದ ಬಂದು ಆರು ತಿಂಗಳಾಯಿತು. ಅವರ ಬಾತುಕೋಳಿ ಬೇಟೆ ಮಾತ್ರ ಇನ್ನೂ ಮುಗಿದಿಲ್ಲ.

ಮೊನ್ನೆ ಧಾರವಾಡದಲ್ಲಿ ಜಿಟಿಜಿಟಿ ಮಳೆ. ಜುಬಿಲಿ ಸರ್ಕಲ್ ಹತ್ತಿರದ ಚಹಾದಂಗಡಿಯಲ್ಲಿ ಕೂತಿದ್ದೆವು. ಗಿರ್ಮಿಟ್ ಬಂತು, ಮಿರ್ಚಿ ಬಂತು, ಹಿಂದೆಯೇ ಕಾಕಾನ ಬಂದೂಕೂ ಬಂತು.

“ಪಂಪ್ ಬಂದೂಕಿನ ಮಜಾನೇ ಬೇರೆ ರೀ. ಗುಂಡು ಹಾರಿದ ಒದೆತಕ್ಕೆ ಮುಂದಿನ ಹಿಡಿ ತಾನೇ ಹಿಂದಕ್ಕೆ ಬರುತ್ತದೆ. ಖಾಲಿ ತೋಟಾ ಹೊರಗೆ, ಹೊಸದು ಒಳಗೆ. ನಾವು ಸುಮ್ನೆ ಹಿಡಿದುಕೊಂಡಿದ್ದರೆ ಆಯ್ತು.”

“ಎಷ್ಟು ಎಚ್‌ಪಿ?” ಎಂದ ನಮ್ಮ ಮೋಟಾರ್ ರಿಪೇರಿ ಗೆಳೆಯ. ಪಂಪ್ ಅಂದರೆ ಅವನಿಗೆ ಬೇರೇನೂ ಕಾಣುವುದಿಲ್ಲ.

“ಹನ್ನೆರಡು ಬೋರು.” ಕಾಕಾ ಹೇಳಿದ್ದು ನಳಿಗೆಯ ಅಳತೆ.

“ಯಪ್ಪಾ! ಒಂದೇ ಹೊಲಕ್ಕೆ ಹನ್ನೆರಡಾ?”

ಮಾಸ್ತರು ಚಹಾ ಕೆಳಗಿಟ್ಟರು. ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವರು. ರಿಟೈರ್ ಆಗಿದ್ದಾರೆ, ಆದರೆ ಚಟ ಬಿಟ್ಟಿಲ್ಲ.

“ಕಾಕಾ, ನೀವು ಹೇಳಿದ್ದು ಉಲ್ಟಾ. ಚಿಗರಿಯನ್ನೇ ತಗೊಳ್ಳಿ...”

“ಚಿಗರಿ ತಂಟೆಗೆ ನಾನು ಹೋಗಿಲ್ಲಪ್ಪಾ!” ಕಾಕಾ ಗಾಬರಿಯಾದರು. “1972ರ ವನ್ಯಜೀವಿ ಕಾಯ್ದೆ ಇದೆ. ರಾಣೆಬೆನ್ನೂರಿನಲ್ಲಿ ಅದಕ್ಕೆ ಅಂತ ಅಭಯಾರಣ್ಯವೇ ಇದೆ.”

“ಬಸ್ಸು ರೀ, ಬಸ್ಸು! ಹುಬ್ಬಳ್ಳಿಗೆ ಹೋಗ್ತದಲ್ಲ, ಅದು. ಗಕ್ಕನೆ ಮುಂದಕ್ಕೆ ಹೋದರೆ ನಿಂತವರು ಎತ್ತ ವಾಲುತ್ತಾರೆ? ಹಿಂದಕ್ಕೆ. ಬಂದೂಕು ಒದ್ದಾಗ ಹೋಗುವುದು ಹಿಂದಕ್ಕೆ. ಜಾರುವ ಹಿಡಿ ಅಂದರೆ ನಿಂತ ಪ್ಯಾಸೆಂಜರ್. ಅದು ವಾಲಬೇಕಾದದ್ದು ಮುಂದಕ್ಕೆ, ಅಲ್ವಾ?”

“ಮತ್ತೆ ನನಗೆ ತಾನೇ ಬಂದ ಹಾಗೆ ಅನ್ನಿಸಿತಲ್ಲ?”

“ನಿಮ್ಮ ಎಡಗೈ ಮೊದಲೇ ಎಳೆಯುತ್ತಿತ್ತು. ಒಳಗೆ ಬೀಗ ಬಿದ್ದಿತ್ತು, ಬರಲಿಲ್ಲ. ಗುಂಡು ಹಾರಿದಾಗ ಬೀಗ ಬಿಟ್ಟಿತು, ಕೈ ಸರ್ರನೆ ಬಂತು. ಭುಜಕ್ಕೆ ಒದೆತ ಬಿದ್ದ ಗದ್ದಲದಲ್ಲಿ ಕೈ ಮಾಡಿದ ಕೆಲಸ ನಿಮಗೇ ಗೊತ್ತಾಗಲಿಲ್ಲ.”

ಕಾಕಾ ಎಡಗೈಯನ್ನು ಒಮ್ಮೆ ನೋಡಿಕೊಂಡರು, ಸಾಲ ತೀರಿಸದವನನ್ನು ನೋಡಿದ ಹಾಗೆ.

ಮಾಸ್ತರು ಬಿಡಲಿಲ್ಲ. ಜಾನ್ ಬ್ರೌನಿಂಗ್ ಮಾಡಿದ ವಿಂಚೆಸ್ಟರ್ 1897 ಎಂಬ ಹಳೇ ಬಂದೂಕಿನಲ್ಲಿ ಈ ಮುಂದಕ್ಕೆ ವಾಲುವುದನ್ನೇ ಕೆಲಸಕ್ಕೆ ಹಚ್ಚಿದ್ದಾರಂತೆ. ಒದೆತಕ್ಕೆ ಹಿಡಿ ಚೂರು ಮುಂದೆ ಸರಿದರೇನೇ ಬೀಗ ಬಿಡುವುದು. ತೋಟಾ ಒಂದು ಗಳಿಗೆ ತಡವಾಗಿ ಸಿಡಿದರೂ ಅಷ್ಟರೊಳಗೆ ಬಾಗಿಲು ತೆರೆಯುವುದಿಲ್ಲ. ಖಾಲಿ ಬಂದೂಕಿನ ಟ್ರಿಗರ್ ಒತ್ತಿದರೆ ಒದೆತವೇ ಇಲ್ಲ. ಆಗ ಕೈಯಿಂದ ಚೂರು ಮುಂದಕ್ಕೆ ತಳ್ಳಿ, ಆಮೇಲೆ ಎಳೆಯಬೇಕು. ನಮ್ಮ ಮನೆಯ ಹಿತ್ತಲ ಬಾಗಿಲೂ ಹೀಗೇ, ಅದಕ್ಕೆ ಮಾತ್ರ ಯಾರೂ ಪೇಟೆಂಟ್ ಕೊಟ್ಟಿಲ್ಲ.

“ಕಾಕಾ, ನಿಜ ಹೇಳಿ. ಎರಡನೇ ಗುಂಡು ಹಾರಿತಾ?” ನಾನು ಕೇಳಿದೆ.

“ಟಕ್ ಅಂತು, ಅಷ್ಟೇ.”

“ಅರ್ಧಕ್ಕೇ ಎಳೆದು ತಳ್ಳಿದ್ದೀರಿ,” ಎಂದರು ಮಾಸ್ತರು. “ಖಾಲಿ ತೋಟಾನೇ ವಾಪಸ್ ಒಳಗೆ ಹೋಗಿ ಕೂತಿದೆ. ಬಂದೂಕು ಮಾಡುತ್ತದೆ ಅಂತ ನೀವು ಕಾದಿರಿ, ನೀವು ಮಾಡುತ್ತೀರಿ ಅಂತ ಬಂದೂಕು ಕಾಯಿತು.”

“ಇರೋದೇ ಮೂರು ತೋಟಾ,” ಕಾಕಾ ಗೊಣಗಿದರು. “ಬಾತುಕೋಳಿಗೆ ಮೂರಕ್ಕಿಂತ ಜಾಸ್ತಿ ತುಂಬಬಾರದು ಅಂತ ಅಲ್ಲಿ 1935ರಿಂದ ಕಾನೂನು. ಜಾಸ್ತಿ ಹಿಡಿಯದಂತೆ ತೋಟಾ ತುಂಬುವ ಕೊಳವೆಯೊಳಗೆ ಕಟ್ಟಿಗೆ ತುರುಕಿರುತ್ತಾರೆ.”

“ಬಾತು ಬಿತ್ತಾ?”

“ಬಿತ್ತು. ಮಗ ಹೊಡೆದದ್ದು.”

ಅಷ್ಟರಲ್ಲಿ ಮರ್ಯಾದೆಯ ಪ್ರಶ್ನೆ ಬಂತು. “ಪೂರ್ತಿ ಎಳೆಯೋದು ನನಗೆ ಗೊತ್ತಿಲ್ವಾ? ಕೊಡ್ರೀ ಇಲ್ಲಿ!” ಎಂದು ಕಾಕಾ ಮಾಸ್ತರರ ಛತ್ರಿ ಕಿತ್ತುಕೊಂಡರು. ಭುಜಕ್ಕೆ ಇಟ್ಟರು, ಒಂದು ಕಣ್ಣು ಮುಚ್ಚಿದರು. ಎಡಗೈ ಹಿಡಿ ಹುಡುಕುತ್ತಿತ್ತು, ಬಲಗೈ ಹೆಬ್ಬೆರಳು ಗುಂಡಿ ಒತ್ತಿತು.

ಫಟ್! ಛತ್ರಿ ಅರಳಿತು. ಮೂರು ಪ್ಲೇಟ್ ಗಿರ್ಮಿಟ್ ಗಾಳಿಗೆ. ರಿಪೇರಿ ಗೆಳೆಯನ ಮೀಸೆಯಲ್ಲಿ ಉಳ್ಳಾಗಡ್ಡಿ.

ಮಾಸ್ತರು ಕನ್ನಡಕದ ಮೇಲಿನ ಚುರುಮುರಿ ಒರೆಸಿಕೊಂಡರು. “ಇದು ಆಟೊಮ್ಯಾಟಿಕ್ ರೀ, ಕಾಕಾ. ನಿಮಗೆ ಇದೇ ಸರಿ.”