ಓದುಗರ ಸ್ಪಂದನ: ಸಹಿ ಹಾಕಬೇಕೋ ಬ್ಯಾಡೋ?

ಹೋದ ಸಲ ಧಾರವಾಡದ ಒಬ್ಬ ತಂದೆಯ ಪತ್ರ ಹಾಕಿದ್ವಿ. ಮಗಳಿಗೆ ಅಮೆರಿಕಾದ ಒಂದು ಕ್ರಿಶ್ಚಿಯನ್ ಯೂನಿವರ್ಸಿಟಿಯಲ್ಲಿ ಮಾಸ್ಟರ್ಸ್ ಸೀಟು ಸಿಕ್ಕಿದೆ, ಸ್ಕಾಲರ್‌ಶಿಪ್ಪೂ ಇದೆ. ಸೇರೋ ಮೊದಲು ಒಂದು ‘ಕಮ್ಯುನಿಟಿ ಕವನೆಂಟ್’ಗೆ, ಅಂದ್ರೆ ನಡತೆಯ ಒಪ್ಪಂದಕ್ಕೆ, ಸಹಿ ಹಾಕಬೇಕು. ಕುಡಿಯೋದು, ಸಿಗರೇಟು, ಮದುವೆಯ ಹೊರಗಿನ ಸಂಬಂಧ ಯಾವುದೂ ಕೂಡದು, ಕ್ಯಾಂಪಸ್ಸಿನ ಒಳಗೂ ಹೊರಗೂ, ರಜೆಯಲ್ಲೂ. ಇವರದು ಲಿಂಗಾಯತ ಮನೆ. ಮಗಳು ‘ಎಲ್ಲಾರೂ ಹಾಕ್ತಾರಪ್ಪಾ, ಯಾರ್ ನೋಡ್ತಾರ’ ಅಂತಾಳೆ. ಪಾಲಿಸೋ ಮನಸ್ಸಿಲ್ಲದೆ ಸಹಿ ಹಾಕೋದು ಸುಳ್ಳಲ್ಲವೇ, ನಾನು ತಡೀಬೇಕೇ ಅನ್ನೋದು ಅವರ ಪ್ರಶ್ನೆ. ಪತ್ರಗಳು ರಾಶಿ ಬಂದಿವೆ. ಮೊದಲು ಎಲ್ಲಕ್ಕಿಂತ ಚಿಕ್ಕದು.

ವಿದ್ಯಾಗಿರಿ, ಧಾರವಾಡದಿಂದ

ಸರ್, ಅಕಿ ಡಿಗ್ರಿ ಮುಗಿಸ್ಯಾಳ. ಸಹಿ ಅಕಿದು. ನಿಮ್ಮನ್ನ ಯಾರೂ ಕೇಳಿಲ್ಲ.

*ಖಾರವಾಯ್ತು, ಆದರೂ ಬಿಡಲು ಮನಸ್ಸಾಗಲಿಲ್ಲ. ಮುಂದಿನವರು ಲೆಕ್ಕದ ಮನುಷ್ಯ.*

ಕೇಶ್ವಾಪುರ, ಹುಬ್ಬಳ್ಳಿಯಿಂದ

ನಮ್ಮ ಅಳಿಯ ಅಲ್ಲೇ ಇರೂದ್ರಿಂದ ಸ್ವಲ್ಪ ಗೊತ್ತದ, ಅದಕ್ಕ ಬರಿಯಾಕತ್ತೀನಿ. ಸುಳ್ಳೋ ಖರೇನೋ ಅನ್ನೂದು ಆಮ್ಯಾಲೆ ನೋಡ್ರಿ, ಮೊದಲು ವೀಸಾ ನೋಡ್ರಿ. ಎಫ್-1 ವೀಸಾದಾಗ, ಅಂದ್ರ ಓದೂ ಮಕ್ಕಳ ವೀಸಾದಾಗ, ಹೋದ ಹುಡುಗಿನ ಯೂನಿವರ್ಸಿಟಿ ಶಿಸ್ತಿನ ಕಾರಣಕ್ಕ ಹೊರಗ ಹಾಕಿದ್ರ ಬರೇ ಸೀಟು ಹೋಗೂದಿಲ್ಲ, ವೀಸಾ ಸ್ಟೇಟಸ್ಸೂ ಹೋಗ್ತದ, ಗಂಟುಮೂಟಿ ಕಟ್ಟಬೇಕು. ಅಲ್ಲಿನ ಹುಡುಗರು ಸಿಕ್ಕಿಬಿದ್ರ ಇನ್ನೊಂದು ಕಾಲೇಜಿಗೆ ಹೋಗ್ತಾರ, ನಮ್ಮೋರಿಗೆ ಅಷ್ಟು ಸಲೀಸಿಲ್ಲ, ಮ್ಯಾಲ ಬ್ಯಾಂಕಿನ ಸಾಲ ಬ್ಯಾರೆ. ‘ನನ್ನ ಧರ್ಮ ಬ್ಯಾರೆ, ನನಗ ಸ್ವಾತಂತ್ರ್ಯ ಅದ’ ಅಂತ ಅಲ್ಲಿ ವಾದ ಮಾಡಾಕ ಬರೂದಿಲ್ಲ, ಯಾಕಂದ್ರ ಅವರ ಸಂವಿಧಾನದ ಆ ಹಕ್ಕು ಸರ್ಕಾರದ ವಿರುದ್ಧ ಇರೂದು, ಪ್ರೈವೇಟ್ ಯೂನಿವರ್ಸಿಟಿಗೆ ಅದು ತಾಗೂದಿಲ್ಲ. ನಮ್ಮಲ್ಲಿ ಹಂಗಿಲ್ಲ, ನಮ್ಮ ಸಂವಿಧಾನದ ಕಲಂ 28(3) ಪ್ರಕಾರ ಸರ್ಕಾರದ ಮಾನ್ಯತಾ ಇಲ್ಲಾ ಅನುದಾನ ಇದ್ದ ಸಂಸ್ಥೆ ಯಾರನ್ನೂ ಒಪ್ಪಿಗಿ ಇಲ್ದ ಪ್ರಾರ್ಥನಿಗೆ ಕೂಡಸಾಕ ಬರೂದಿಲ್ಲ. ಅದನ್ನ ತಲ್ಯಾಗ ಇಟ್ಕೊಂಡು ಅಲ್ಲಿಗೆ ಹೋಗಬ್ಯಾಡ್ರಿ. ಅಲ್ಲಿ ಕೆಲವು ಕಡೆ ಚಾಪೆಲ್‌ಗೆ, ಅಂದ್ರ ಕ್ಯಾಂಪಸ್ಸಿನ ಪ್ರಾರ್ಥನಾ ಸಭೆಗೆ, ಹಾಜರಿ ಹಿಡೀತಾರ. ಅದು ಹೆಚ್ಚಾಗಿ ಡಿಗ್ರಿ ಹುಡುಗರಿಗೆ, ಮಾಸ್ಟರ್ಸ್ ಮಂದಿಗೆ ಬ್ಯಾರೆ ಇರಬಹುದು, ಕೇಳಿ ತಿಳ್ಕೋರಿ.

*ಈ ಮುಂದಿನದನ್ನು ಕತ್ತರಿಸಿ ಅರ್ಧ ಮಾಡೋಣ ಅಂತ ಕೂತಿದ್ದೆವು. ಆಗಲಿಲ್ಲ.*

ಹಾವೇರಿ ಜಿಲ್ಲೆಯಿಂದ, ಹೆಸರು ಬೇಡ ಎಂದವರು

ಆ ಅಣ್ಣಾವ್ರ ಪತ್ರ ಓದಿ ರಾತ್ರಿ ನಿದ್ದಿ ಹತ್ತಲಿಲ್ಲ ನೋಡ್ರಿ. ನಾನೂ ಹಾಸ್ಟೆಲ್ಲಿನ್ಯಾಗ ಇದ್ದು ಓದಿದಾಕಿ, ಯಾವ ಊರು ಯಾವ ಹಾಸ್ಟೆಲ್ ಅಂತ ಬರಿಯೂದಿಲ್ಲ, ಯಾವ ಧರ್ಮದವ್ರದು ಅನ್ನೂದೂ ಬ್ಯಾಡ, ಯಾಕಂದ್ರ ಅದು ಎಲ್ಲಾರ ಹಾಸ್ಟೆಲ್ಲಿನ್ಯಾಗೂ ಆಗೂ ಮಾತು. ನಮ್ಮಪ್ಪನೂ ಒಂದು ಫಾರ್ಮಿಗೆ ಸಹಿ ಹಾಕಿದ್ದ, ಓದದನ ಹಾಕಿದ್ದ, ಏಳರ ಒಳಗ ಬರಬೇಕು, ಗಂಡಸರ ಜೋಡಿ ಮಾತಾಡಬಾರದು, ಸಂಸ್ಥೆಯ ಮರ್ಯಾದಿಗೆ ಕುಂದು ತರಬಾರದು ಅಂತ ಏನೇನೋ ಇತ್ತು. ಶ್ರಾವಣದಾಗ ಊರಿಂದ ಬರುವಾಗ ರಾಣೇಬೆನ್ನೂರ ದಾಟಿದ ಮ್ಯಾಲೆ ಬಸ್ ಕೆಟ್ಟು ನಿಂತು, ಜಿಟಿಜಿಟಿ ಮಳಿ, ಆಗ ಮೊಬೈಲ್ ಎಲ್ಲಿ, ನಮ್ಮೂರ ಕಡೆಯ ಒಬ್ಬ ಹುಡುಗ, ನಮ್ಮ ಕಾಕಾನ ದೋಸ್ತನ ಮಗ, ಒಬ್ಬಾಕಿನ ಬಿಡೂದು ಬ್ಯಾಡ ಅಂತ ಹಾಸ್ಟೆಲ್ ಗೇಟಿನ ತನಕ ಬಂದು ಬಿಟ್ಟು ಹ್ವಾದ. ಅಷ್ಟ. ಯಾರು ನೋಡಿ ಯಾರಿಗೆ ಹೇಳಿದ್ರೋ ಇವತ್ತಿಗೂ ಗೊತ್ತಿಲ್ಲ. ನನ್ನ ಕರದು ಒಂದು ಮಾತು ಕೇಳಲಿಲ್ರೀ. ನೆಟ್ಟಗ ಊರಿಗೆ ಪತ್ರ ಹೋತು, ‘ನಿಮ್ಮ ಮಗಳ ನಡತೆ ಸರಿ ಇಲ್ಲ’ ಅಂತ. ಆ ಪತ್ರ ಅಪ್ಪ ಓದೂದಕ್ಕಿಂತ ಮೊದಲ ಓಣಿ ಓದಿತ್ತು. ನನ್ನ ಪುಸ್ತಕ ಟ್ರಂಕಿನ್ಯಾಗ ತುಂಬಿ ಕರ್ಕೊಂಡು ಬಂದ್ರು, ಬಿ.ಎಸ್ಸಿ. ಅಲ್ಲಿಗೇ ನಿಂತಿತು, ಸುಗ್ಗಿ ಮುಗಿಯೂದ್ರಾಗ ಲಗ್ನ. ಗಂಡ ಛಲೋ ಮನುಷ್ಯಾನ, ಅದರ ಬಗ್ಗೆ ತಕರಾರಿಲ್ಲ. ಆದ್ರ ನಂಗ ಕೆಮಿಸ್ಟ್ರಿ ಅಂದ್ರ ಜೀವ ಇತ್ತು.

ಅದಕ್ಕ ಅಣ್ಣಾ, ರೂಲ್ಸ್ ಏನವ ಅಂತ ಕೇಳಬ್ಯಾಡ್ರಿ. ರೂಲ್ಸ್ ಎಲ್ಲಾ ಕಡೆ ಚಂದನ ಇರ್ತಾವ. ಮುರದ್ರ ಏನ್ ಮಾಡ್ತೀರಿ, ಮುರದಾಳ ಅಂತ ಯಾರರ ಸುಳ್ಳು ಹೇಳಿದ್ರ ಏನ್ ಮಾಡ್ತೀರಿ, ಹುಡುಗಿ ಮಾತು ಯಾರ್ ಕೇಳ್ತೀರಿ, ಅದನ್ನ ಕೇಳ್ರಿ. ಇನ್ನೊಂದು, ನಮ್ಮ ತಂಗಿ ಮಗಳು ಹೇಳಿದ್ದು. ಅಲ್ಲಿ ಯೂಟಾದಾಗ ಬ್ರಿಗಮ್ ಯಂಗ್ ಅಂತ ಮಾರ್ಮನ್ ಪಂಥದ ಯೂನಿವರ್ಸಿಟಿ ಅದ ಅಂತ, ಅಲ್ಲಿ ಹುಡುಗ್ಯಾರ ಮ್ಯಾಲೆ ದೌರ್ಜನ್ಯ ಆದ್ರೂ ಹೇಳಾಕ ಹೆದರತಿದ್ರಂತ, ಯಾಕಂದ್ರ ‘ನೀ ಆ ಹೊತ್ತಿನ್ಯಾಗ ಅಲ್ಲಿ ಯಾಕಿದ್ದಿ, ಕುಡದಿದ್ದೇನು’ ಅಂತ ಅಕಿ ಮ್ಯಾಲೇ ನಡತೆ ನಿಯಮದ ವಿಚಾರಣಿ ಆಗ್ತಿತ್ತಂತ. 2016ರಾಗ ದೊಡ್ಡ ಗದ್ದಲಾಗಿ, ದೂರು ಕೊಟ್ಟಾಕಿನ ಅದೇ ಘಟನೆಯೊಳಗಿನ ನಿಯಮಭಂಗಕ್ಕ ಶಿಕ್ಷಾ ಮಾಡೂದಿಲ್ಲ ಅಂತ ಒಪ್ಪಿಕೊಂಡ್ರಂತ. ನಿಮ್ಮ ಮಗಳು ಹೋಗೂ ಕಡೆ ಅಂಥಾ ಮಾತು ಬರವಣಿಗಿ ಒಳಗ ಐತೇನು? ಇದ್ರ ಕಳಸ್ರಿ. ಮತ್ತ ಏನರ ಹೆಚ್ಚುಕಮ್ಮಿ ಆಗಿ ಅಲ್ಲಿಂದ ಪತ್ರ ಬಂದ್ರ, ಮೊದಲು ಮಗಳಿಗೆ ಫೋನ್ ಹಚ್ಚರಿ.

*ಅಕ್ಕಾವ್ರೇ, ಮೇಲಿನ ಮೂರು ಪ್ರಶ್ನೆಗಳನ್ನು ಆ ತಂದೆಗೆ ಬೇರೆಯಾಗಿಯೇ ಕಳಿಸಿದ್ದೇವೆ.*

ಧಾರವಾಡದ ನಿವೃತ್ತ ಮಾಸ್ತರರು, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಚರ್ಚಿನವರು

ನಾವು ಬಾಸೆಲ್ ಮಿಶನ್ ಅನ್ನೂ ಸ್ವಿಸ್ ಕ್ರಿಶ್ಚಿಯನ್ ಮಿಶನ್ನಿನ ಮನೆತನದವ್ರು. ಮಿಶನ್ ಧಾರವಾಡಕ್ಕ ಬಂದದ್ದು 1837ಕ್ಕ, ಅವಾಗಿಂದ ಸಭೆಯಾಗ ಕಟ್ಟುನಿಟ್ಟು ಇದ್ದೇ ಇತ್ತು. ಹಂಗಾಗಿ ಕವನೆಂಟ್ ಅಂದ ಕೂಡ್ಲೇ ಜೈಲು ಅನ್ನೂಹಂಗ ಕೆಲವರು ಮಾತಾಡೂದು ನನಗ ಸೇರೂದಿಲ್ಲ. ಅದು ಪೊಲೀಸ್ ರೂಲ್ ಅಲ್ಲ, ನಾವು ಹಿಂಗ ಬಾಳೋಣು ಅಂತ ಕೂಡಿ ಮಾಡಿದ ಮಾತು. ಮತ್ತಾಯ 18ರಾಗ ಯೇಸುಸ್ವಾಮಿ ಏನ್ ಹೇಳ್ಯಾರ, ನಿನ್ನ ಸಹೋದರ ತಪ್ಪು ಮಾಡಿದ್ರ ಮೊದಲು ಅವನೊಬ್ಬನ ಹತ್ರ ಹೋಗಿ ಹೇಳು, ಕೇಳಲಿಲ್ಲಂದ್ರ ಇನ್ನೊಬ್ಬಿಬ್ಬರನ್ನ ಕರ್ಕೊಂಡು ಹೋಗು, ಆಮ್ಯಾಲೆ ಸಭೆಗೆ. ಹಾವೇರಿ ಕಡೆಯ ತಾಯಿಯವರಿಗೆ ಹಂಗ ಮಾಡಿದ್ರು ಅಂದ್ರ ಆ ಮೊದಲನೇ ಹೆಜ್ಜೀನ ಅಲ್ಲಿ ಇಟ್ಟಿರಲಿಲ್ಲ ಅಂತಾಯ್ತು. (ಸಂಪಾದಕರು ನನಗ ಅವರ ಪತ್ರ ಮೊದಲೇ ತೋರಿಸಿದ್ರು.) ನಿಯಮ ಕಲ್ಲಿನ ಮ್ಯಾಲೆ ಬರದದ್ದೂ ಅಲ್ಲ. ಅಮೆರಿಕಾದ ವ್ಹೀಟನ್ ಕಾಲೇಜಿನ್ಯಾಗ ಡಾನ್ಸ್ ಮಾಡಬಾರದು ಅಂತ ಒಂದೂವರೆ ಶತಮಾನದ ಹತ್ರ ನಡಕೊಂಡು ಬಂದು 2003ಕ್ಕ ತಗದ್ರು. ಕೆನಡಾದ ಟ್ರಿನಿಟಿ ವೆಸ್ಟರ್ನ್ ಯೂನಿವರ್ಸಿಟಿ ಲಾ ಸ್ಕೂಲ್ ಸುರು ಮಾಡ್ತೀವಿ ಅಂದಾಗ ಈ ಕವನೆಂಟ್ ಕಡ್ಡಾಯ ಅನ್ನೂದರ ಮ್ಯಾಲೇ ಕೇಸು ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋತು. 2018ರಾಗ ಅವರು ಸೋತ್ರು, ಅದೇ ವರ್ಷ ವಿದ್ಯಾರ್ಥಿಗಳಿಗೆ ಕಡ್ಡಾಯ ಅನ್ನೂದನ್ನ ಅವರ ತಗದ್ರು.

ಹುಡುಗಿ ನಮ್ಮ ಧರ್ಮದಾಕಿ ಅಲ್ಲ ಅನ್ನೂದು ದೊಡ್ಡ ಮಾತಲ್ಲ. ಕಲಿಸೂ ಮಂದಿ ಕಡೆಯಿಂದ ನಂಬಿಕಿ ಹೇಳಿಕಿಗೆ ಸಹಿ ತಗೋತಾರ, ಓದೂ ಮಕ್ಕಳ ಕಡೆಯಿಂದ ಭಾಳ ಕಡೆ ನಡತೆಗೆ ಅಷ್ಟ. ಎರಡೂ ಬ್ಯಾರೆ ಬ್ಯಾರೆ, ಅಕಿ ಕೈಯಾಗಿರೂದು ಯಾವುದು ಅಂತ ಓದಿ ನೋಡ್ಲಿ. ನಡತೆ ಅಷ್ಟ ಇದ್ರ ಲಿಂಗಪೂಜಿ ಮಾಡ್ಕೋತನೂ ಪಾಲಸಬಹುದು. ಆದ್ರ ‘ಯಾರ್ ನೋಡ್ತಾರ’ ಅಂದ್ಲಲ್ಲ, ಅದು ಮಾತ್ರ ನನಗ ಹಿಡಿಸಲಿಲ್ಲ. ಹಂಗಿದ್ರ ಬ್ಯಾರೆ ಯೂನಿವರ್ಸಿಟಿ ಅವ.

*ಮಾಸ್ತರರು ಅನುಮತಿ ಕೊಟ್ಟೇ ಆ ಆವರಣದ ಮಾತು ಉಳಿಸಿದ್ದೇವೆ. ನಡತೆಯೋ ನಂಬಿಕೆಯೋ ಅನ್ನೋದನ್ನ ಮಗಳು ಅಡ್ಮಿಷನ್ ಆಫೀಸಿಗೆ ಒಂದು ಮೇಲ್ ಹಾಕಿ ಕೇಳಿದರೆ ಅರ್ಧ ಗಂಟು ಬಿಚ್ಚುತ್ತೆ. ತಂದೆ ಅಲ್ಲ, ಮಗಳು.*

ಬೆಟಗೇರಿಯಿಂದ

ಇಷ್ಟೆಲ್ಲಾ ಉಸಾಬರಿ ಯಾಕ್ರಿ? 1950ರಿಂದ ಕರ್ನಾಟಕ ಯೂನಿವರ್ಸಿಟಿ ಧಾರವಾಡದಾಗ ಐತಿ. ಮನೀ ಊಟ ಮಾಡಿ ಸಿಟಿ ಬಸ್ಸಿಗೆ ಹೋಗಿ ಬರ್ಲಿ. ಸಹಿ ಮಾಡೂ ಪತ್ರ ಅಲ್ಲೂ ಇರ್ತಾವ, ಕನ್ನಡದಾಗ ಇರ್ತಾವ, ಓದಾಕರ ಬರ್ತಾವ.

ಹುಬ್ಬಳ್ಳಿ, ವಿದ್ಯಾನಗರದಿಂದ

ಮಠದ ಬೋರ್ಡಿಂಗಿನ್ಯಾಗ ನಾವೂ ಬೆಳಿಗ್ಗೆ ಐದಕ್ಕ ಎದ್ದು ಪ್ರಾರ್ಥನಾ ಮಾಡಿದವ್ರ, ಬೀಡಿ ಸೇದಿ ಸಿಕ್ಕಿಬಿದ್ದವ್ರ. ಕರದು ಎರಡು ಬೈದು ಪ್ರಸಾದಕ್ಕ ಕೂಡಿಸಿದ್ರು. ಹೊರಗ ಹಾಕಿದ್ರ ಇವತ್ತು ನಾ ಇಂಜಿನಿಯರ್ ಆಗ್ತಿದ್ದಿಲ್ಲ. ಇರ್ಲಿ, ಆ ಸ್ಕಾಲರ್‌ಶಿಪ್ ಕೊಡೂ ಯೂನಿವರ್ಸಿಟಿ ಹೆಸರು ಏನಂತ ತಿಳಸ್ರಿ, ನಮ್ಮ ಹುಡುಗಂದೂ ಅರ್ಜಿ ಹಾಕಬೇಕು. ಕಾಫಿಗೆ ಅಡ್ಡಿ ಇಲ್ಲಲ್ಲ? ಬ್ರಿಗಮ್ ಯಂಗ್‌ನಾಗ ಅದೂ ಕೂಡದಂತ.

*ಹೆಸರು ಕೊಡಲಾಗದು, ಕ್ಷಮಿಸಿ. ಕಾಫಿಗೆ ಅಡ್ಡಿ ಇಲ್ಲವೆಂದು ಆ ತಂದೆ ತಿಳಿಸಿದ್ದಾರೆ.*