ಪಂಪು ನಿಂತರೆ ಸೋಡಿಯಂ ರಿಯಾಕ್ಟರ್ ಎಷ್ಟು ಬೇಗ ಕಾಯುತ್ತದೆ?

ಪ್ರಶ್ನೆ (ಶಕ್ತಿನಗರ, ರಾಯಚೂರು):
ಮಾನ್ಯರೇ, ನಾನು ಬಾಯ್ಲರ್ ವಿಭಾಗದಲ್ಲಿ ಕೆಲಸ ಮಾಡುವವನು. ನಮ್ಮಲ್ಲಿ ಯೂನಿಟ್ ಟ್ರಿಪ್ ಆದರೆ ಕಲ್ಲಿದ್ದಲು ನಿಲ್ಲುತ್ತದೆ, ಬೆಂಕಿ ಆರುತ್ತದೆ, ಅಲ್ಲಿಗೆ ಕಾವಿನ ಮೂಲವೇ ಮುಗಿಯಿತು. ಕಲ್ಪಾಕ್ಕಂನ, ದ್ರವ ಸೋಡಿಯಂನಿಂದ ತಣಿಸುವ 500 ಮೆಗಾವ್ಯಾಟ್ ಬ್ರೀಡರ್ (ಹೊಸ ಇಂಧನವನ್ನೂ ಹುಟ್ಟಿಸುವ) ರಿಯಾಕ್ಟರಿನಲ್ಲಿ ಕರೆಂಟು ಹೋಗಿ ಸೋಡಿಯಂ ಪಂಪುಗಳು ನಿಂತರೆ ತಾಪ ಎಷ್ಟು ವೇಗವಾಗಿ ಏರುತ್ತದೆ? ಕೈಲೆಕ್ಕದಲ್ಲಿ ಅಂದಾಜು ಮಾಡಲು ಬರುತ್ತದೆಯೇ?

ಉತ್ತರ 1 (ಬಳ್ಳಾರಿ):
ಬರುತ್ತದೆ. ನ್ಯೂಟ್ರಾನ್ ಹೀರುವ ನಿಯಂತ್ರಣ ಸರಳುಗಳು ಇಳಿದು ಸರಪಳಿ ಕ್ರಿಯೆ ನಿಂತಿದೆ ಎಂದಿಟ್ಟುಕೊಳ್ಳಿ. ಆಗಲೂ ವಿದಳನದ ಉತ್ಪನ್ನಗಳು (ಪರಮಾಣು ಒಡೆದಾಗ ಉಳಿಯುವ ಚೂರುಗಳು) ಕ್ಷಯಿಸುತ್ತ ಶಾಖ ಬಿಡುತ್ತಲೇ ಇರುತ್ತವೆ. ಮೊದಲ ಕ್ಷಣಗಳಲ್ಲಿ ಅದು ಪೂರ್ಣ ಸಾಮರ್ಥ್ಯದ ಸುಮಾರು ಶೇ. 6ರಷ್ಟಿದ್ದರೆ, ಒಂದು ಗಂಟೆಯ ಬಳಿಕ ಶೇ. 1ಕ್ಕಿಂತ ಸ್ವಲ್ಪ ಮೇಲಿರುತ್ತದೆ. ಆ ರಿಯಾಕ್ಟರಿನ ಶಾಖ ಸಾಮರ್ಥ್ಯ 1,250 ಮೆಗಾವ್ಯಾಟ್ ಆದ್ದರಿಂದ ಶೇ. 1 ಎಂದರೆ 12.5 ಮೆಗಾವ್ಯಾಟ್. ಮುಖ್ಯ ಪಾತ್ರೆಯ ಸುಮಾರು 1,150 ಟನ್ ಸೋಡಿಯಂ ಒಂದು ಡಿಗ್ರಿ ಏರಬೇಕಾದರೆ ಹತ್ತಿರಹತ್ತಿರ 1,460 ಮೆಗಾಜೂಲ್ ಬೇಕು. ಭಾಗಿಸಿ ನೋಡಿ: ಹೊರಕ್ಕೆ ಒಂದಿಷ್ಟೂ ಶಾಖ ಹೋಗದಿದ್ದರೂ ಡಿಗ್ರಿಗೆ ಎರಡು ನಿಮಿಷ, ಗಂಟೆಗೆ 30 ಡಿಗ್ರಿ. ಸೋಡಿಯಂ ಕುದಿಯುವುದು 883 ಡಿಗ್ರಿಯಲ್ಲಿ. ಆದರೆ ಅದಕ್ಕಿಂತ ಬಹಳ ಮೊದಲೇ ಉಕ್ಕಿನ ಬಲ ಕುಂದುತ್ತದೆಯಾದ್ದರಿಂದ ಮಿತಿಯನ್ನು ಅಲ್ಲಿಂದ ಹಾಕಿಕೊಳ್ಳಬೇಕು.

ಉತ್ತರ 2 (ಕೊಪ್ಪಳ):
ಲೆಕ್ಕ ಸರಿ, ಆದರೆ ಅದು ಇಡೀ ಪಾತ್ರೆಯ ಸರಾಸರಿ. ಇಂಧನ ಕಡ್ಡಿಗಳ ನಡುವಿನ ಕಿರಿದಾದ ಸಂದುಗಳಲ್ಲಿ ಸೋಡಿಯಂ ಹರಿಯದಿದ್ದರೆ ಸರಾಸರಿಯಿಂದ ಪ್ರಯೋಜನವಿಲ್ಲ. ಕರೆಂಟು ಹೋದ ಮೇಲೂ ತಿರುಗುತ್ತಿರುವ ಪಂಪಿನ ಭಾರದ ಚಕ್ರ (ಫ್ಲೈವೀಲ್) ಹರಿವನ್ನು ನಿಧಾನವಾಗಿ ಇಳಿಸುತ್ತದೆ. ಅಷ್ಟರಲ್ಲಿ ಬಿಸಿ ಸೋಡಿಯಂ ಮೇಲೇರಿ ತಣ್ಣನೆಯದು ಕೆಳಗಿಳಿಯುವ ಸಹಜ ಪರಿಚಲನೆ ಹಿಡಿದುಕೊಳ್ಳಬೇಕು. ಶಾಖವನ್ನು ಹೊರಗೆ ಹಾಕಲು ತಲಾ 8 ಮೆಗಾವ್ಯಾಟ್‌ನ ನಾಲ್ಕು ಪ್ರತ್ಯೇಕ ಸರ್ಕ್ಯೂಟುಗಳಿದ್ದು, ಗಾಳಿಯ ದಾರಿಯ ಕದ (ಡ್ಯಾಂಪರ್) ತೆರೆದರೆ ಎತ್ತರದ ಚಿಮಣಿಯ ಎಳೆತದಲ್ಲಿಯೇ ಗಾಳಿ ಹರಿದು ಸೋಡಿಯಂ ತಣಿಯುತ್ತದೆ. ಚಿಮಣಿಯ ಎಳೆತ ತಮಗೆ ಹೊಸದೇನಲ್ಲ.

ಪ್ರಶ್ನಿಸಿದವರು:
ಧನ್ಯವಾದಗಳು. ಸರಳುಗಳೇ ಇಳಿಯದಿದ್ದರೆ?

ಉತ್ತರ 1 (ಬಳ್ಳಾರಿ):
ಆಗ ಮೇಲಿನ ಲೆಕ್ಕವನ್ನು ಬದಿಗಿಡಬೇಕು; ಗಂಟೆಗಳಲ್ಲ, ಸೆಕೆಂಡುಗಳನ್ನು ಎಣಿಸಬೇಕಾಗುತ್ತದೆ. ಅಮೆರಿಕದ ಐಡಾಹೊದಲ್ಲಿ 1986ರ ಏಪ್ರಿಲ್ 3ರಂದು ಇಬಿಆರ್-2 ಎಂಬ ಪ್ರಾಯೋಗಿಕ ಸೋಡಿಯಂ ರಿಯಾಕ್ಟರನ್ನು ಪೂರ್ಣ ಸಾಮರ್ಥ್ಯದಲ್ಲಿ ನಡೆಸುತ್ತಿರುವಾಗ, ಸರಳುಗಳು ಇಳಿಯದಂತೆ ಬೇಕೆಂದೇ ತಡೆದು ಪಂಪು ನಿಲ್ಲಿಸಿದ್ದರು. ಕಾವಿಗೆ ಇಂಧನವಿರುವ ಗರ್ಭ (ಕೋರ್) ಹಿಗ್ಗಿ, ನ್ಯೂಟ್ರಾನ್ ಸೋರಿಕೆ ಹೆಚ್ಚಿ, ಶಕ್ತಿ ತಾನಾಗಿಯೇ ಇಳಿಯಿತು. ಅದನ್ನೇ ಕಲ್ಪಾಕ್ಕಂಗೆ ಅನ್ವಯಿಸುವವರಿದ್ದಾರೆ, ನಾನು ಒಪ್ಪುವುದಿಲ್ಲ. ಅಲ್ಲಿದ್ದದ್ದು ಲೋಹದ ಇಂಧನ, ಇಲ್ಲಿರುವುದು ಆಕ್ಸೈಡ್. ಆಕ್ಸೈಡ್ ಒಳಗೆ ಹೆಚ್ಚು ಬಿಸಿಯಿದ್ದು, ಶಕ್ತಿ ಇಳಿಯುತ್ತಲೇ ಅದು ತಣಿಯುವಾಗ ಡಾಪ್ಲರ್ ಪರಿಣಾಮವು (ಇಂಧನ ಬಿಸಿಯಾದಷ್ಟೂ ಹೆಚ್ಚು ನ್ಯೂಟ್ರಾನ್ ಹೀರಿಕೊಳ್ಳುವುದು, ತಣಿದಷ್ಟೂ ಕಡಿಮೆ ಹೀರುವುದು) ಇಳಿಕೆಗೆ ಎದುರಾಗಿ ನಿಲ್ಲುತ್ತದೆ. ದೊಡ್ಡ ಗರ್ಭದ ನಡುಭಾಗದಲ್ಲಿ ಸೋಡಿಯಂ ಕುದಿದರಂತೂ ಶಕ್ತಿ ಇನ್ನೂ ಏರುತ್ತದೆ. ಆದ್ದರಿಂದಲೇ ಅಲ್ಲಿ ಒಂದನ್ನೊಂದು ಅವಲಂಬಿಸದ ಎರಡು ಸ್ಥಗಿತ ವ್ಯವಸ್ಥೆಗಳನ್ನು ಇರಿಸಿದ್ದಾರೆ.