ಸಮಸ್ಯೆ: "ಸತ್ತವನೆದೆ ಬಡಿಯುತಿಹುದು ನಿಲ್ಲದೆ ನೋಡೈ"

ಹೊಳಲ್ಕೆರೆ ಮಾಸ್ತರು: ಈ ವಾರದ ಸಾಲು ಮೇಲಿದೆ. ಅದೇ ಕೊನೆಯ ಸಾಲಾಗುವಂತೆ ಪದ್ಯ ಪೂರೈಸಿ. ಕಂದದಲ್ಲೇ ಬರಲಿ, ನಾಲ್ಕೂ ಸಾಲಿನ ಎರಡನೇ ಅಕ್ಷರ ಒಂದೇ ಆಗಿ ಪ್ರಾಸ ಕೂಡಲಿ. ವಿಷಯ ಸಿಡಿದ ನಕ್ಷತ್ರ. ದೆವ್ವದ ಕಥೆ ಬೇಡ.

ಬೆಣ್ಣೆನಗರಿ: ದಾವಣಗೆರೆಯಿಂದ ಮೊದಲ ಪೂರಣ.

ಎತ್ತಿನ ಕೊಂಬಿನ ತುದಿಯೊಳ್
ಹೊತ್ತುರಿದೊಡೆದ ಹಿರಿಯ ರವಿಯಾರಿದ ಮೇಲುಂ
ಸುತ್ತುವ ತಿರುಳ ಬುಗುರಿಯೊಳ್
ಸತ್ತವನೆದೆ ಬಡಿಯುತಿಹುದು ನಿಲ್ಲದೆ ನೋಡೈ

ವೃಷಭ ರಾಶಿಯ ಕೊಂಬಿನ ಹತ್ತಿರ ಏಡಿ ನೀಹಾರಿಕೆ ಇದೆ, ಸಿಡಿದ ನಕ್ಷತ್ರದ ಮೋಡ. ಅದರ ನಡುವಿನ ಪಲ್ಸಾರ್, ಅಂದರೆ ಆ ನಕ್ಷತ್ರದ ಉಳಿದ ತಿರುಳು, ಮಿಡಿಯುತ್ತಾ ಸೆಕೆಂಡಿಗೆ ಸುಮಾರು 30 ಸುತ್ತು ಹಾಕುತ್ತದೆ.

ಕಲ್ಲುಕೋಟೆ: 'ರವಿ' ಅಂದರೆ ನಮ್ಮ ಸೂರ್ಯ. ಅವನು ಹೀಗೆ ಸಿಡಿಯುವವನಲ್ಲ. ಅವನ ಎಂಟು ಪಟ್ಟಾದರೂ ತೂಕ ಬೇಕು.

ಬೆಣ್ಣೆನಗರಿ: ಅದಕ್ಕೇ 'ಹಿರಿಯ' ಅಂದಿದ್ದು. ಪೂರ್ತಿ ಓದಿ.

ಕಲ್ಲುಕೋಟೆ: ಓದಿದೆ. ಇನ್ನು 'ನಿಲ್ಲದೆ'. ಆ ಬುಗುರಿ ನಿಧಾನ ಆಗ್ತಾ ಇದೆ, ಗೊತ್ತಲ್ವಾ?

ಬೆಣ್ಣೆನಗರಿ: ಒಂದು ಸುತ್ತಿನ ಹೊತ್ತು ದಿನಕ್ಕೆ ಸುಮಾರು 38 ನ್ಯಾನೋಸೆಕೆಂಡು ಜಾಸ್ತಿ ಆಗುತ್ತದೆ, ಅಷ್ಟೇ. ನಿಧಾನ ಆಗುವುದು ಬೇರೆ, ನಿಲ್ಲುವುದು ಬೇರೆ. ಆ ಪದ ಮಾಸ್ತರು ಕೊಟ್ಟದ್ದು, ಅವರನ್ನೇ ಕೇಳಿ.

ಹೊಸದುರ್ಗದ ತೆಂಗು: ನನ್ನದೂ ಒಂದು.

ಹತ್ತಾರು ದಿನ ಹಗಲಿನೊಳ್
ಹೊತ್ತಿದ ಚೀನಿಯರ ಬೆರಗಿನತಿಥಿಯು ಕರಗಲ್
ಮತ್ತಾ ತಾಣದೆ ಹುಡುಕಲ್
ಸತ್ತವನೆದೆ ಬಡಿಯುತಿಹುದು ನಿಲ್ಲದೆ ನೋಡೈ

1054ರಲ್ಲಿ ಚೀನಾದವರು ಏಡಿಯ ಆ ಸಿಡಿತವನ್ನು 23 ದಿನ ಹಗಲಲ್ಲೇ ಕಂಡು 'ಅತಿಥಿ ನಕ್ಷತ್ರ' ಅಂತ ಬರೆದಿಟ್ಟರು.

ಹೊಳಲ್ಕೆರೆ ಮಾಸ್ತರು: ಭೇಷ್.

ಕಲ್ಲುಕೋಟೆ: ಎಲ್ಲರೂ ಏಡಿ ಹಿಂದೆ ಬಿದ್ದಿದ್ದೀರಿ. ಇದನ್ನು ನೋಡಿ.

ಚಿತ್ರದುರುಗದವನೆದೆಯೊಳ್
ನೆತ್ತರ ಕಬ್ಬಿಣವದೊಡೆದ ಚುಕ್ಕಿಯದಲ್ತೇ
ಹತ್ತಿರ ಕಿವಿಗೊಟ್ಟಾಲಿಸೆ
ಸತ್ತವನೆದೆ ಬಡಿಯುತಿಹುದು ನಿಲ್ಲದೆ ನೋಡೈ

ಕಾದ ಕಬ್ಬಿಣ, ಗಂಧಕ, ಸಿಲಿಕಾನ್ ಒಂದೊಂದೂ ತನ್ನದೇ ಗುರುತಿನ ಎಕ್ಸ್‌ರೇ ಬಿಡುತ್ತದೆ. 1999ರಲ್ಲಿ ಮೇಲೆ ಹೋದ ಚಂದ್ರಾ ದೂರದರ್ಶಕ ಅದನ್ನೇ ಹಿಡಿದು, ಕ್ಯಾಸಿಯೋಪಿಯ ಎ ಎಂಬ ಸಿಡಿದ ನಕ್ಷತ್ರದ ಅವಶೇಷದಲ್ಲಿ ಕಬ್ಬಿಣ ಎಲ್ಲೆಲ್ಲಿ ಚೆದುರಿದೆ ಅಂತ ತೋರಿಸಿತು.

ಬೆಣ್ಣೆನಗರಿ: ಚಿತ್ರ, ನೆತ್ತರ, ಹತ್ತಿರ, ಸತ್ತ. ನಾನೇ ಬಾಯಿಬಿಟ್ಟು ಹೇಳಬೇಕಾ?

ಕಲ್ಲುಕೋಟೆ: ಊರಿನ ಹೆಸರು ಅದು. ಕಿವಿಗೆ ಒಪ್ಪುತ್ತದೆ.

ಬೆಣ್ಣೆನಗರಿ: ದೀಪಾವಳಿ ಸಮಸ್ಯೆಯಲ್ಲಿ ನನ್ನ 'ಪುತ್ರ' 'ಮುತ್ತು' ಜೊತೆ ಕೂರಲ್ಲ ಅಂತ ಪದ್ಯವನ್ನೇ ಹೊಡೆದು ಹಾಕಿದಿರಿ. ಆಗ ಕಿವಿ ಎಲ್ಲಿತ್ತು?

ಕಲ್ಲುಕೋಟೆ: ಅಲ್ಲಿ ಬೇರೆ ಪದ ಸಿಗುತ್ತಿತ್ತು. ನಮ್ಮೂರಿಗೆ ಬೇರೆ ಪದ ಇಲ್ಲ.

ಬೆಣ್ಣೆನಗರಿ: ಇದೆ. 'ಸುತ್ತಿನ ಕೋಟೆಯ ಮಗನೊಳ್.' ತಗೊಳ್ಳಿ.

ಕಲ್ಲುಕೋಟೆ: ದಾವಣಗೆರೆಯವರಿಂದ ದುರ್ಗಕ್ಕೆ ಸಾಲ ಬೇಡ.

ಹರಿಹರದ ಹೊಳೆ: ಪ್ರಾಸ ಬಿಡಿ, ನನ್ನದು ಬೇರೆ ತಕರಾರು. ಕಬ್ಬಿಣದ ಹೆಚ್ಚಿನ ಪಾಲು ಬಂದದ್ದು ಬಿಳಿ ಕುಬ್ಜಗಳು, ಅಂದರೆ ಉರಿದು ಮುಗಿದ ಚಿಕ್ಕ ನಕ್ಷತ್ರಗಳ ತಿರುಳು, ಸಿಡಿದು. ಸೂರ್ಯನ 1.4 ಪಟ್ಟು ತೂಕ, ಚಂದ್ರಶೇಖರ್ ಮಿತಿ, ಅದರ ಹತ್ತಿರ ಬಂದಾಗ ಸಿಡಿಯುವಂಥವು. ಅಲ್ಲಿ ಪಲ್ಸಾರ್ ಉಳಿಯುವುದಿಲ್ಲ. ಹಾಗಾದರೆ ಸತ್ತವನ ಎದೆ ಎಲ್ಲಿ?

ಕಲ್ಲುಕೋಟೆ: ನನ್ನ ಎದೆಯೇ ಅವನದು. ಪದ್ಯದ ಜೀವ ಅಲ್ಲೇ ಇದೆ.

ಬೆಣ್ಣೆನಗರಿ: ಆ ಮಾತು ಒಪ್ಪಿದೆ. ಮೊದಲ ಸಾಲು ಒಪ್ಪಲ್ಲ.

ಹೊಳಲ್ಕೆರೆ ಮಾಸ್ತರು: ಏಡಿಯನ್ನು ನಮ್ಮ ಹೊಲದಿಂದ ಚಿಕ್ಕ ದೂರದರ್ಶಕದಲ್ಲಿ ನೋಡಿದ್ದೇನೆ. ಉಸಿರು ತಾಗಿದ ಗಾಜಿನ ಹಾಗೆ ಮಸುಕು ಕಲೆ. ಆ ಬೆಳಕು ಹೊರಟು ಸುಮಾರು 6500 ವರ್ಷ ಆಗಿದೆ. ಆವತ್ತು ಎಷ್ಟೋ ಹೊತ್ತು ಮಾತೇ ಬರಲಿಲ್ಲ. ಜನವರಿಯಲ್ಲಿ ಎಲ್ಲರೂ ಬನ್ನಿ.

ಹೊಸದುರ್ಗದ ತೆಂಗು: ಮಂಡಕ್ಕಿ ಮಿರ್ಚಿ ದಾವಣಗೆರೆಯವರು ತರಲಿ.

ಬೆಣ್ಣೆನಗರಿ: ತರುತ್ತೇನೆ. 'ಚಿತ್ರ' ಹೋದ ಮೇಲೆ.

ಕಲ್ಲುಕೋಟೆ: ಸುತ್ತಿನ ಕೋಟೆಯ ಮಗನೊಳ್. ತಿದ್ದಿದ್ದೇನೆ. ಆದರೆ ಏಳು ಸುತ್ತು ಅಂತಲೇ ಓದಬೇಕು.

ಬೆಣ್ಣೆನಗರಿ: ಹಾಗೇ ಓದಿದೆ.